ಸತ್ಯಾಂಶ: ಸೈಲೆನ್ಸರ್ ಬಿಚ್ಚಿದರೆ ಹಳೇ ಗಾಡಿಗೆ ಶಕ್ತಿ ಬರುತ್ತಾ?

‘ಹಳೇ ಡೀಸೆಲ್ ಪಿಕಪ್‌ನ ಸೈಲೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿ, ಪವರ್ ಮೈಲೇಜ್ ಎರಡೂ ಏರುತ್ತವೆ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ.

ಸದ್ದು ಜಾಸ್ತಿ ಆದಾಗ ಗಾಡಿ ಚೆನ್ನಾಗಿ ಎಳೆಯುತ್ತಿದೆ ಅನ್ನಿಸುತ್ತದೆ, ಅಷ್ಟೇ. ಎಷ್ಟು ಡೀಸೆಲ್ ಉರಿಯಬೇಕು ಅನ್ನೋದು ಡೀಸೆಲ್ ಪಂಪು, ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕೈಲಿದೆ. ಹೊಗೆಯ ವಿಷ ಕಡಿಮೆ ಮಾಡುವ ಈ ಕನ್ವರ್ಟರ್ ಮಸಿ ಕಟ್ಟಿ ಮುಚ್ಚಿಹೋಗಿದ್ದರೆ ಗಾಡಿ ಎಳೆಯುವುದಿಲ್ಲ, ಅದು ನಿಜ. ಆಗ ಅದನ್ನು ಬದಲಿಸಬೇಕು. ಸುಮ್ನೆ ಕಿತ್ತು ಹಾಕಿದರೆ ಆ ಹೊಗೆ ಹಿಂದೆ ಬರುವ ಬೈಕ್‌ನವರ ಎದೆಗೇ ಹೋಗುತ್ತದೆ.

ನಿಜವಾಗಿ ನೋಡಬೇಕಾದ್ದು ಗಾಳಿ ಒಳಗೆ ಬರುವ ದಾರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯೇ ಸ್ವಲ್ಪ ತೆಳು. ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಹಳೇ ಇಂಜಿನ್‌ಗೆ ಅದು ಗೊತ್ತಾಗುತ್ತದೆ. ಅದರ ಮೇಲೆ ಪೀಣ್ಯದ ಧೂಳು ಬೇರೆ! ಏರ್ ಫಿಲ್ಟರ್ ಬಿಚ್ಚಿ ಬಲ್ಬಿನ ಮುಂದೆ ಹಿಡಿಯಿರಿ. ಮಡಿಕೆಗಳ ನಡುವೆ ಬೆಳಕು ತೂರದಿದ್ದರೆ ಹೊಸದು ಹಾಕಿಸಿ. ಟರ್ಬೊ ಇದ್ದರೆ, ಇಂಜಿನ್ ತಣ್ಣಗಾದ ಮೇಲೆ ಟರ್ಬೊದಿಂದ ಇಂಜಿನ್‌ಗೆ ಗಾಳಿ ಒಯ್ಯುವ ಹೋಸ್ ಪೈಪ್ ತಡವಿ ನೋಡಿ. ಕ್ಲಿಪ್ ಹತ್ತಿರ ಬೆರಳಿಗೆ ಎಣ್ಣೆ ಜಿಡ್ಡು ಅಂಟಿದರೆ ಅಲ್ಲಿ ಗಾಳಿ ಸೋರುತ್ತಿರಬಹುದು.

ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಇಂಜೆಕ್ಟರ್ ಸರಿಯಿಲ್ಲ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ.

ಇನ್ನೊಂದು ಮಾತು. ಹೊಗೆ, ಸದ್ದಿನ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡವಿದೆ. ಫಿಲ್ಟರ್‌ಗೆ ಅಷ್ಟು ಖರ್ಚಾಗುವುದಿಲ್ಲ, ಅಲ್ವಾ?