ಎತ್ತಿಬಿಡೋಣ, ಅದಕ್ಕೇನಂತೆ!

ಮಂಗಳೂರಿಗೆ ವಿಲಾಸಿ ಹಡಗು ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ಫೋಟೊ. ಪಣಂಬೂರಿನ ಬಂದರು, ಚೆಂಡೆ, ಯಕ್ಷಗಾನದ ಕಿರೀಟ, ಕೊರಳಿಗೆ ಹಾರ, ಹಣೆಗೆ ತಿಲಕ, ಎಪ್ಪತ್ತು ದಾಟಿದ ಬಿಳಿಗೂದಲ ಪ್ರವಾಸಿಗರ ನಗು. ಕೆಳಗೆ ಒಂದು ಸಾಲು: ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಗೋಡಂಬಿ ಕಾರ್ಖಾನೆ ನೋಡಿಕೊಂಡು ಸಂಜೆ ಹಡಗು ಹತ್ತಿದರು. ಹಾಸನದವರಾದ ನಮಗೆ ಇದನ್ನು ಓದಿದರೆ ಹೊಟ್ಟೆಯಲ್ಲಿ ಸಣ್ಣ ಉರಿ. ಬೇಲೂರು, ಹಳೇಬೀಡು ನಮ್ಮಲ್ಲಿ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದೂ ನಾವು. ಹಡಗು ಮಾತ್ರ ಅವರಿಗೆ!

ಆದ್ದರಿಂದ ಹಾಸನವನ್ನೂ ಈ ದಡದ ಪ್ರವಾಸಕ್ಕೆ ಸೇರಿಸಬೇಕೆಂದು ನಮ್ಮ ಬೀದಿಯ ಟೀ ಅಂಗಡಿಯಲ್ಲಿ ನಿರ್ಣಯವಾಗಿದೆ. ಬೆಳಿಗ್ಗೆ ಇಳಿದು ಸಂಜೆ ಹತ್ತಬೇಕಾದವರನ್ನು ಶಿರಾಡಿ ಘಾಟಿ ಹತ್ತಿಸಿ ತರುವುದು ದೊಡ್ಡ ವಿಷಯವಲ್ಲ. ವಾಪಸ್ ಹೋಗುವಾಗ ದೋಣಿಗಲ್‌ನಲ್ಲಿ ಗುಡ್ಡ ಜರಿದರೆ ಹಡಗು ಮತ್ತೊಮ್ಮೆ ಬರುವವರೆಗೆ ಸಕಲೇಶಪುರದಲ್ಲಿ ಕಾಫಿ ಕುಡಿದುಕೊಂಡಿರಲಿ. ಊರಿನ ಹೆಸರಿನಲ್ಲೇ ದೋಣಿ ಇದೆ, ಸಾಲದೇ? ಹಾಸನದ ಪಕ್ಕದ ಬೂವನಹಳ್ಳಿಯ ನಿಲ್ದಾಣಕ್ಕೆ ಬರಬೇಕಾದ ವಿಮಾನವನ್ನು ದಶಕಗಳಿಂದ ಕಾಯುತ್ತಿರುವ ನಮಗೆ ಹಡಗು ಕಾಯುವುದು ಕಷ್ಟವಲ್ಲ.

ಆದರೆ ಆ ಫೋಟೊ ನೋಡಿ ನಮ್ಮ ಭಾವ ಕೇಳಿದ ಪ್ರಶ್ನೆಗೆ ಟೀ ಅಂಗಡಿಯಲ್ಲಿ ಉತ್ತರ ಸಿಗಲಿಲ್ಲ. "ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದಾರಲ್ಲ, ಈ ಅಜ್ಜಿ ಮೂಡುಬಿದಿರೆಯಲ್ಲಿ ಎಲ್ಲಿಯವರೆಗೆ ಹೋದರು?"

ಭಾವ ನಿವೃತ್ತ ಗಣಿತದ ಮೇಷ್ಟ್ರು. ಆರು ವರ್ಷಗಳಿಂದ ಅವರೂ ಗಾಲಿಕುರ್ಚಿಯಲ್ಲಿದ್ದಾರೆ. ಕಳೆದ ವರ್ಷ ಮಗ ಅಪ್ಪ ಅಮ್ಮನಿಗೆಂದು ಮುಂಬೈನಿಂದ ಹೊರಡುವ ಹಡಗಿನಲ್ಲಿ ಕೋಣೆ ಕಾಯ್ದಿರಿಸಿದ. ಗಾಲಿಕುರ್ಚಿಗೆ ಎಲ್ಲ ವ್ಯವಸ್ಥೆಯೂ ಇದೆ ಎಂದು ಫೋನಿನಲ್ಲಿ ಮೂರು ಬಾರಿ ಹೇಳಿದರಂತೆ. ಹೇಳಿದ್ದು ಸುಳ್ಳಲ್ಲ. ಹಡಗಿನೊಳಗೆ ಲಿಫ್ಟ್ ಇತ್ತು, ಅಗಲದ ಬಾಗಿಲಿತ್ತು, ಹೊಸಿಲಿರಲಿಲ್ಲ. ಬೆಳಗಿನ ಐದು ಗಂಟೆಗೆ ಅಕ್ಕನನ್ನು ಎಬ್ಬಿಸದೆ ಭಾವ ತಾವೇ ಗಾಲಿ ತಳ್ಳಿಕೊಂಡು ಮೇಲಿನ ಅಂತಸ್ತಿಗೆ ಹೋಗಿ ಸಮುದ್ರ ನೋಡುತ್ತಾ ಕಾಫಿ ಕುಡಿದರು. ಆರು ವರ್ಷಗಳಲ್ಲಿ ಯಾರನ್ನೂ ಕರೆಯದೆ ಕುಡಿದ ಮೊದಲ ಕಾಫಿಯಂತೆ. ಕಾಫಿ ಮಾತ್ರ ನಮ್ಮ ಕಡೆಯವರು ಬಾಯಿಗೆ ಇಡುವಂಥದ್ದಲ್ಲ ಎಂದೂ ಸೇರಿಸಿದರು. ಹಡಗಿನ ಬಾಗಿಲು ಅಗಲವಾದದ್ದು ಬರೀ ಕರುಣೆಯಿಂದ ಎಂದು ಯಾರೂ ನಂಬಬೇಕಿಲ್ಲ. ತಮ್ಮ ನೀರಿಗೆ ಬರುವ, ವಿದೇಶಿ ಧ್ವಜ ಹಾರಿಸುವ ಹಡಗಿಗೂ ತಮ್ಮ ಅಂಗವಿಕಲರ ಕಾನೂನು ಅನ್ವಯಿಸುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಕೋರ್ಟು ಗದರಿದರೆ ಕರುಣೆ ಬೇಗ ಉಕ್ಕುತ್ತದೆ.

ತೊಂದರೆ ಶುರುವಾಗುವುದು ನೆಲ ಕಂಡಾಗ. ದಡದ ಪ್ರವಾಸಗಳ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆಯೂ ನಡೆಯುವ ಮನುಷ್ಯನ ಪುಟ್ಟ ಚಿತ್ರ. ಸುಲಭದ್ದಕ್ಕೆ ಒಬ್ಬ, ಕಷ್ಟದ್ದಕ್ಕೆ ಮೂವರು. ಕೂತವನ ಚಿತ್ರ ಒಂದೂ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತುಗಳು: ಕುರ್ಚಿ ಮಡಚುವಂತಿರಬೇಕು, ತಳ್ಳುವವರನ್ನು ನೀವೇ ಕರೆತರಬೇಕು, ಬಸ್ಸಿನ ಮೆಟ್ಟಿಲನ್ನು ಪ್ರಯಾಣಿಕರು ತಾವೇ ಹತ್ತಬೇಕು. ಕುರ್ಚಿಯಿಂದೆದ್ದು ನಾಲ್ಕು ಹೆಜ್ಜೆ ಇಡಬಲ್ಲವರೂ ಇರುತ್ತಾರೆ, ಒಪ್ಪೋಣ. ಭಾವ ಅವರಲ್ಲಿ ಒಬ್ಬರಲ್ಲ. ಬಸ್ಸು ನಮ್ಮದಲ್ಲ, ಗುತ್ತಿಗೆಯವರದು ಎಂದು ಹಡಗಿನವರು ಕೈ ತೊಳೆದುಕೊಂಡರು.

ಲಕ್ಷದ್ವೀಪದಲ್ಲಿ ಹಡಗು ದೂರದಲ್ಲೇ ಲಂಗರು ಹಾಕಿತು. ಅಲ್ಲಿಂದ ಸಣ್ಣ ದೋಣಿ. ಅಲೆಗೆ ದೋಣಿ ಒಂದು ಗಳಿಗೆ ಮೇಲೆ, ಒಂದು ಗಳಿಗೆ ಕೆಳಗೆ. ಕುರ್ಚಿ ಬೇಡ ಎಂದರು. ಭಾವನಿಗೆ ಅದರ ಬಗ್ಗೆ ಬೇಸರವಿಲ್ಲ. ಸಮುದ್ರವನ್ನು ಸಮತಟ್ಟು ಮಾಡಿ ಎಂದು ಅವರು ಕೇಳುವವರಲ್ಲ. ಅಕ್ಕನನ್ನು ಕಳಿಸಿ, ದ್ವೀಪವನ್ನು ಕಟಕಟೆಯಿಂದಲೇ ನೋಡಿ ಕೂತರು. ಸಿಟ್ಟು ಬಂದದ್ದು ಮುಂದಿನ ಬಂದರಿನಲ್ಲಿ. ಅಲ್ಲಿ ಹಡಗು ಕಟ್ಟೆಗೇ ತಾಗಿ ನಿಂತಿತ್ತು. ಭಾವ ಉರುಳಿಕೊಂಡೇ ನೆಲ ಮುಟ್ಟಿದರು. ಎದುರಿಗೆ ಹೊಳೆಯುವ ಪ್ರವಾಸಿ ಬಸ್ಸು, ಅದಕ್ಕೆ ಮೊಣಕಾಲೆತ್ತರದ ನಾಲ್ಕು ಮೆಟ್ಟಿಲು. ಚಾಲಕ ಸಿಗರೇಟು ಎಸೆದು ತೋಳು ಮಡಚಿ ಮುಂದೆ ಬಂದ. ಭಾಷೆ ಬೇರೆ, ಮಾತು ಮಾತ್ರ ಹಾಸನದ್ದೇ: ಎತ್ತಿಬಿಡೋಣ, ಅದಕ್ಕೇನಂತೆ!

ಈ ದೇಶದಲ್ಲಿ ಎತ್ತುವ ಕೈಗಳಿಗೆ ಬರವಿಲ್ಲ. ಕಲ್ಯಾಣ ಮಂಟಪ, ಬ್ಯಾಂಕು, ಮತಗಟ್ಟೆ, ಎಲ್ಲಿ ಹೋದರೂ ನಾಲ್ವರು ಓಡಿ ಬರುತ್ತಾರೆ. ಒಬ್ಬ ಕೈಯಾಸರೆ ಹಿಡಿದು ಎತ್ತುತ್ತಾನೆ. ಅದು ಕಳಚುವಂಥದ್ದು, ಅವನ ಕೈಗೇ ಬರುತ್ತದೆ. ಇನ್ನೊಬ್ಬ ಗಾಲಿ ಹಿಡಿಯುತ್ತಾನೆ. ಗಾಲಿಯ ಧರ್ಮ ತಿರುಗುವುದು, ತಿರುಗುತ್ತದೆ. ಮೂರನೆಯವನು ಮುಟ್ಟದೆ "ಹುಷಾರು, ಹುಷಾರು" ಎನ್ನುತ್ತಾನೆ. ನಾಲ್ಕನೆಯವನ ಕೈಯಲ್ಲಿ ಮೊಬೈಲ್. ಸಂಜೆಗೆ ವಾಟ್ಸ್ಆ್ಯಪ್‌ನಲ್ಲಿ "ಮಾನವೀಯತೆ ಮೆರೆದ ಯುವಕರು". ಆ ವಿಡಿಯೊದಲ್ಲಿ ನಮ್ಮ ಭಾವ, ನೂರಾರು ಮಕ್ಕಳಿಗೆ ಪೈಥಾಗೊರಸ್ ಕಲಿಸಿದವರು, ಅಕ್ಕಿ ಮೂಟೆಯಂತೆ ಓಲಾಡುತ್ತಿರುತ್ತಾರೆ. ಒಂದು ಇಳಿಜಾರು ಕಟ್ಟಿದ ಗಾರೆ ಮೇಸ್ತ್ರಿಯನ್ನು ಯಾರಾದರೂ ಹೀಗೆ ಹೊಗಳಿದ್ದು ನೀವು ಕಂಡಿದ್ದೀರಾ?

ದೇವಸ್ಥಾನದ್ದು ಬೇರೆಯೇ ಕತೆ. ಯಾವುದೆಂದು ಕೇಳಬೇಡಿ. ಬಾಗಿಲಲ್ಲಿ ನಿಂತವರು ಗಾಲಿ ಬೀದಿಯಲ್ಲಿ ಉರುಳಿ ಬಂದಿದೆ, ಮೈಲಿಗೆ ಎಂದರು. ಅಂದರೆ ಗಾಲಿಯೂ ಚಪ್ಪಲಿ. "ಹಾಗಾದರೆ ಚಪ್ಪಲಿ ಸ್ಟ್ಯಾಂಡಿನಲ್ಲಿ ಬಿಡುತ್ತೇನೆ, ಟೋಕನ್ ಕೊಡಿ" ಎಂದರು ಭಾವ. ತಮಾಷೆ ಅರ್ಥವಾಗದ ಹುಡುಗ ಕುರ್ಚಿಗೆ ಎಷ್ಟು ತೆಗೆದುಕೊಳ್ಳಬೇಕೆಂದು ಒಳಗೆ ಕೇಳಲು ಹೋದ. ಗಾಲಿ ತೊಳೆಯಲು ಒಂದು ಬಕೆಟ್ ನೀರು ಸಾಕಿತ್ತು. ಉತ್ಸವದ ತೇರಿಗೂ ಗಾಲಿಯೇ ಇರುವುದು, ಅದೂ ಬೀದಿಯಲ್ಲೇ ಉರುಳುವುದು.

ಶ್ರವಣಬೆಳಗೊಳದ ಬಗ್ಗೆ ನನಗೆ ತಕರಾರಿಲ್ಲ. ವಿಂಧ್ಯಗಿರಿ ಒಂದೇ ಬಂಡೆ, ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಡೋಲಿ ಇದೆ. ಭಾವ ಒಮ್ಮೆ ಡೋಲಿಯಲ್ಲಿ ಹತ್ತಿ ಬಂದವರು. ಮತ್ತೆ ಹೋಗಲಿಲ್ಲ. ಹೊರುವವರ ಏದುಸಿರು ಬೆನ್ನ ಹಿಂದೆ ಕೇಳುತ್ತಿರುವಾಗ ಯಾವ ದೇವರು ಕಾಣುತ್ತಾನೆ ಎಂದರು. ಮೇಲಿರುವ ಬಾಹುಬಲಿಯೂ ಒಂದು ಹೆಜ್ಜೆ ಕದಲಿದವನಲ್ಲ. ಕಾಲಿಗೆ ಬಳ್ಳಿ ಹಬ್ಬುವವರೆಗೆ ನಿಂತವನು. ಆದರೆ ಅವನು ತಾನಾಗಿ ನಿಂತ, ಭಾವನನ್ನು ನಾವು ನಿಲ್ಲಿಸಿದ್ದೇವೆ.

ಕಾನೂನಿಗೆ ಕೊರತೆಯೇ? 2015ರ ಡಿಸೆಂಬರ್ 3ರಂದು ಸುಗಮ್ಯ ಭಾರತ ಅಭಿಯಾನ. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ. 2017ರಲ್ಲಿ ನಿಯಮಗಳು. ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷ 2022ಕ್ಕೆ ಮುಗಿಯಿತು. ಈ ನಿಯಮಗಳು ಬರೀ ಸಲಹೆಯಂತಿವೆ, ಕಡ್ಡಾಯವಾದವನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಇಷ್ಟರ ನಡುವೆ ಚುರುಕಾಗಿ ನಡೆದ ಕೆಲಸವೆಂದರೆ ನಾಮಕರಣ. ಅಂಗವಿಕಲ ಹೋಗಿ ವಿಕಲಚೇತನ, ಅದು ಹೋಗಿ ದಿವ್ಯಾಂಗ. ಹೆಸರು ಬದಲಿಸಲು ಸಿಮೆಂಟು ಬೇಡ, ಮರಳು ಬೇಡ. ದೈವತ್ವ ಕೊಟ್ಟು ಬಾಗಿಲಲ್ಲೇ ಕೂರಿಸಿದರಾಯಿತು. ಇದನ್ನು ತಮಾಷೆಯಾಗಿ ಬರೆಯಬೇಕೆಂದು ಕೂತವನು ನಾನು. ಆಗುತ್ತಿಲ್ಲ. ಮೂರು ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಹಾಕಿ ಎಂದು ಮನುಷ್ಯನೊಬ್ಬ ಇನ್ನೆಷ್ಟು ವರ್ಷ, ಎಷ್ಟು ಜನರನ್ನು, ಎಷ್ಟು ವಿನಯದಿಂದ ಕೇಳಬೇಕು?

ಇಳಿಜಾರು ಇರುವ ಕಡೆಯೂ ಭಾವ ನಂಬುವುದಿಲ್ಲ. ಕುರ್ಚಿಯ ಚೀಲದಲ್ಲಿ ಟೇಪು ಇಟ್ಟುಕೊಂಡಿದ್ದಾರೆ. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಎಂಬುದು ಲೆಕ್ಕ. ಕಳೆದ ವಾರ ಪಿಂಚಣಿಯ ಕೆಲಸಕ್ಕೆಂದು ಒಂದು ಕಚೇರಿಗೆ ಹೋಗಿದ್ದೆವು. ಹೊಚ್ಚ ಹೊಸ ಇಳಿಜಾರು, ಪಕ್ಕದಲ್ಲಿ ನೀಲಿ ಫಲಕ. ಭಾವ ನನ್ನ ಕೈಗೆ ಟೇಪಿನ ತುದಿ ಕೊಟ್ಟರು. ಮೂರಡಿ ಎತ್ತರಕ್ಕೆ ಒಂಬತ್ತು ಅಡಿ ಉದ್ದ. ಇರಬೇಕಾದದ್ದು ಮೂವತ್ತಾರು. "ಇದು ಇಳಿಜಾರಲ್ಲ, ಜಾರುಬಂಡೆ" ಎಂದರು. ಅದರ ನಡುವೆ ಸಾಲಾಗಿ ಐದು ಬೈಕು.

ಒಳಗಿನಿಂದ ಗುಮಾಸ್ತರು ಇಣುಕಿದರು. ನಮ್ಮನ್ನು ನೋಡಿ ಮುಖ ಅರಳಿಸಿಕೊಂಡು ಇಬ್ಬರು ಜವಾನರನ್ನು ಕೂಗಿದರು. "ಬನ್ನಿ ಸಾರ್, ಎತ್ತಿಬಿಡೋಣ, ಅದಕ್ಕೇನಂತೆ!"

ಭಾವ ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೇಳಿದರು, "ಮೊದಲು ಬೈಕು ಎತ್ತಿ."