ಕೊಡಗಿನ ಸಂಘಗಳು ನೇರವಾಗಿ ಮಾತಾಡಲಿ

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಭಾರತದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವುದು ಕೊಡಗಿನಲ್ಲಿ. ನಾನು ಸೋಮವಾರಪೇಟೆ ಕಡೆಯವನು, ಈಗ ಇರುವುದು ಉತ್ತರ ಇಟಲಿಯ ತ್ರೆಂತೊದಲ್ಲಿ. ಇಷ್ಟು ದೊಡ್ಡ ವ್ಯಾಪಾರವಿದ್ದರೂ ಇಲ್ಲಿ ನಾನು ಮಾತಾಡಿಸಿದ ರೈತರಿಗೆ ನಮ್ಮ ಬೆಳೆಗಾರರ ಪರಿಚಯವೇ ಇಲ್ಲ. ಇದು ನನಗೆ ತುಂಬ ಬೇಸರದ ವಿಷಯ. ನಡುವೆ ಎಕ್ಸ್‌ಪೋರ್ಟರ್ ಇದ್ದಾರೆ, ದೆಹಲಿ ಇದೆ, ಯುರೋಪ್ ಒಕ್ಕೂಟದ ಆಡಳಿತ ನಡೆಯುವ ಬ್ರಸೆಲ್ಸ್ ಇದೆ. ಇವರನ್ನೆಲ್ಲ ಕಾಯದೆ ಕೊಡಗಿನ ಸಂಘಗಳು ಇಲ್ಲಿಯ ರೈತರ ಸಂಘಗಳ ಜೊತೆ ನೇರವಾಗಿ ಮಾತಾಡಬೇಕು ಅನ್ನುವುದು ನನ್ನ ಮಾತು.

ಇಲ್ಲಿಯದೂ ಬೆಟ್ಟದ ಸೀಮೆಯೇ. ನೋನ್ ಕಣಿವೆಯ ಸಾವಿರಾರು ಕುಟುಂಬಗಳಿಗೆ ಚಿಕ್ಕ ಚಿಕ್ಕ ಸೇಬಿನ ತೋಟಗಳಿವೆ. ಅವರ ಸೊಸೈಟಿಗಳು 1989ರಲ್ಲಿ ಮೆಲಿಂದಾ ಎಂಬ ಒಂದೇ ಹೆಸರಿನಡಿ ಸೇರಿದವು. ಆಲ್ಪ್ಸ್ ಬೆಟ್ಟದ ಪ್ರಾಂತ್ಯಗಳಂತೂ 1972ರಲ್ಲೇ ದೇಶದ ಗಡಿ ನೋಡದೆ ಆರ್ಗೆ ಆಲ್ಪ್ ಅನ್ನುವ ಕೂಟ ಕಟ್ಟಿಕೊಂಡಿವೆ. 1991ರಿಂದ ಯುರೋಪ್ ಒಕ್ಕೂಟದ ಲೀಡರ್ ಎಂಬ ಗ್ರಾಮೀಣ ಯೋಜನೆಯೂ ಇದೆ. ಹಣ ಹೇಗೆ ಖರ್ಚಾಗಬೇಕೆಂದು ಊರಿನವರದೇ ಗುಂಪು ತೀರ್ಮಾನಿಸುತ್ತದೆ. ಅದರಲ್ಲಿ ಸರ್ಕಾರದವರ ಮತ ಅರ್ಧಕ್ಕಿಂತ ಜಾಸ್ತಿ ಇರುವಂತಿಲ್ಲ. ಬೇರೆ ದೇಶದ ಗುಂಪಿನ ಜೊತೆ ಸೇರಿ ಕೆಲಸ ಮಾಡಲೂ ದುಡ್ಡು ಸಿಗುತ್ತದೆ.

ನಮಗೆ ಇದು ತೀರಾ ಹೊಸದೇನಲ್ಲ. ಜರ್ಮನಿಯ ರೈಫೈಸೆನ್ ತೋರಿಸಿದ ಸಹಕಾರದ ದಾರಿ ತ್ರೆಂತೊ ಸೀಮೆಗೆ 1892ರಲ್ಲಿ ಹಳ್ಳಿ ಬ್ಯಾಂಕಾಗಿ ಬಂತು. ಅದೇ ದಾರಿ ನಮ್ಮ 1904ರ ಸಹಕಾರ ಕಾಯ್ದೆಗೂ ಮಾದರಿಯಾಯಿತು. ಮರುವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿತು. ವಿರಾಜಪೇಟೆಯ ಜೇನು ಸಹಕಾರ ಸಂಘ 1936ರದು.

ನೇರ ಮಾತುಕತೆ ಈಗಲೇ ಯಾಕೆ ಬೇಕು? ಯುರೋಪಿನ 2023ರ ಅರಣ್ಯನಾಶ ತಡೆ ಕಾಯ್ದೆಯನ್ನು ನೋಡಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಜಾರಿಯ ದಿನ ಮುಂದಕ್ಕೆ ಹೋಗಿದೆ, ಕಾಯ್ದೆ ಹೋಗಿಲ್ಲ. ತೋಟ ಎಲ್ಲಿದೆ ಎಂದು ಜಿಪಿಎಸ್‌ನಲ್ಲಿ ತೋರಿಸಬೇಕು. 4 ಹೆಕ್ಟೇರ್‌ಗಿಂತ ದೊಡ್ಡದಾದರೆ ಗಡಿಯನ್ನು ಪೂರ್ತಿ ಗುರುತಿಸಬೇಕು. ನಮ್ಮದು ಮರದ ನೆರಳಿನ ಕಾಫಿ, ಮೇಲಿಂದ ನೋಡಿದರೆ ಕಾಡೇ. ಮಳೆಗಾಲಕ್ಕೆ ಮುಂಚೆ ಮರಕಸಿ ಮಾಡಿದ, ಅಂದರೆ ನೆರಳಿನ ಮರಗಳ ಕೊಂಬೆ ಸವರಿದ ತೋಟ ಉಪಗ್ರಹದ ಚಿತ್ರದಲ್ಲಿ ಕಡಿದ ಕಾಡಿನ ಹಾಗೆ ಕಂಡರೆ ಏನು ಮಾಡುವುದು? ಕೊಡಗಿನಲ್ಲಿ ಕುಟುಂಬಕ್ಕೆ ತಲೆಮಾರಿನಿಂದ ಬಂದ ಜಮ್ಮಾ ಜಾಗದ ಕಥೆ ಇನ್ನೂ ಗೋಜಲು. ದಾಖಲೆಯಲ್ಲಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿರುತ್ತದೆ, ತೋಟ ಮಾಡುವವರು ಅದೇ ಕುಟುಂಬದ ಬೇರೆಯವರು. ಇದನ್ನು ಇಲಾಖೆಯ ಪತ್ರದಲ್ಲಿ ವಿವರಿಸುವುದು ಕಷ್ಟ. ಬೆಟ್ಟದಲ್ಲಿ ತೋಟ ಮಾಡುವ ಇನ್ನೊಬ್ಬ ರೈತನಿಗೆ ಬೇಗ ಅರ್ಥವಾಗುತ್ತದೆ. ಯುರೋಪಿನ ಸಹಕಾರ ಸಂಘಗಳ ಮಾತನ್ನು ಬ್ರಸೆಲ್ಸ್‌ನಲ್ಲಿ ಕೇಳುವವರೂ ಇದ್ದಾರೆ.

ಕಲಿಯೋದು ಅವರಿಗೂ ಇದೆ. ಸೇಬೊಂದನ್ನೇ ಸಾಲು ಹಿಡಿದು ಬೆಳೆಯುವ ಕಡೆ ಔಷಧಿ ಹೊಡೆಯೋದು ಜಾಸ್ತಿ. ಪಕ್ಕದ ದಕ್ಷಿಣ ಟಿರೋಲ್‌ನ ಮಾಲ್ಸ್ ಊರಿನವರು 2014ರಲ್ಲಿ ಕೀಟನಾಶಕ ಬೇಡವೆಂದೇ ಮತ ಹಾಕಿದರು. ಒಂದೇ ತೋಟದಲ್ಲಿ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ನಡುವೆ ಕಿತ್ತಳೆ ಬೆಳೆಯುವ ನಮ್ಮ ಪದ್ಧತಿಯನ್ನು ಅವರು ಬಂದು ನೋಡಬೇಕು.

ಶುರುಮಾಡುವುದಾದರೆ ಮೊದಲು ಕುಟ್ಟ ದಾಟಿ ವಯನಾಡಿಗೆ ಹೋಗೋಣ. ಕೊಡಗಿನ ಅರೇಬಿಕಾಕ್ಕೂ ವಯನಾಡಿನ ರೋಬಸ್ಟಾಕ್ಕೂ 2019ರಲ್ಲಿ ಒಟ್ಟಿಗೇ ಜಿಐ ಟ್ಯಾಗ್, ಅಂದರೆ ಬೆಳೆದ ಊರಿನ ಹೆಸರಿಗೆ ಸಿಗುವ ಕಾನೂನಿನ ಗುರುತು, ಸಿಕ್ಕಿದೆ. ಎರಡೂ ಕಡೆಯ ಬೆಳೆಗಾರರು ಕೂತು ಒಂದು ಪತ್ರ ಬರೆದು ತ್ರೆಂತೊದ ಸಹಕಾರ ಸಂಘಗಳಿಗೆ ಕಳಿಸಲಿ. ಅದನ್ನು ಇಟಾಲಿಯನ್‌ಗೆ ಮಾಡಿಕೊಡುವ, ಇಲ್ಲಿ ಬಾಗಿಲು ತಟ್ಟುವ ಕೆಲಸಕ್ಕೆ ನಮ್ಮಂಥ ಹೊರನಾಡಿನವರು ಸಿದ್ಧರಿದ್ದೇವೆ.