ತಾಟಿನ ರೊಟ್ಟಿ, ಹೊಲದ ಕಾಳು

ಶ್ರಾವಣ ಶುಕ್ರವಾರ. ಪುಣೆಯ ಕೋಥರೂಡಿನಲ್ಲಿ ನಮ್ಮದೇ ಬಿಲ್ಡಿಂಗಿನ ವಿಜಯಪುರದ ಕಡೆಯವರ ಮನೆಯಲ್ಲಿ ಅರಿಶಿನ ಕುಂಕುಮ. ಆ ಮನೆಯ ವೈನಿಯ, ಅಂದರೆ ಅತ್ತಿಗೆಯ, ಮಗಳಿಗೆ 4 ವರ್ಷ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಎರಡೂ ಕಿವಿಗೆ ಮಷೀನು ಹಾಕಿದ್ದಾರೆ, ಈಗೀಗ ಮಾತು ಕಲಿಯುತ್ತಿದ್ದಾಳೆ. ಬಂದವರಲ್ಲಿ ಒಬ್ಬರು ಮಗುವನ್ನು ನೋಡಿ, "ಹಿಂದಿನ ಜನ್ಮದ ಕರ್ಮ, ಅನುಭವಿಸಲೇಬೇಕು ನೋಡ್ರಿ" ಅಂದರು. ಸಮಾಧಾನ ಹೇಳುವ ದನಿಯಲ್ಲೇ ಅಂದರು. ವೈನಿ ಅವರಿಗೆ ಕುಂಕುಮ ಹಚ್ಚಲು ಕೈ ಎತ್ತಿದ್ದರು. ಬೆರಳು ಹಣೆಯ ಹತ್ತಿರ ಹೋಗಿ ಹಾಗೇ ನಿಂತಿತು. ಆಮೇಲೆ ಹಚ್ಚಿದರು, ಉಡಿ ತುಂಬಿದರು, ಒಳಗೆ ಹೋದರು.

ನಾನೂ ಅಲ್ಲೇ ಇದ್ದೆ. ಏನೂ ಮಾತಾಡಲಿಲ್ಲ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ನಾನು ಕರ್ಮವನ್ನು ನಂಬುವವಳು. ಅಜ್ಜ ನಮಗೆ ಅದನ್ನು ಜೋಳದ ಲೆಕ್ಕದಲ್ಲಿ ಹೇಳಿಕೊಟ್ಟಿದ್ದರು. ಹಗೇವಿನಲ್ಲಿ, ಅಂದರೆ ನೆಲದಡಿಯ ಕಾಳಿನ ಗುಂಡಿಯಲ್ಲಿ, ತುಂಬಿಟ್ಟ ಜೋಳ ಸಂಚಿತ, ಹಿಂದಿನಿಂದ ಕೂಡಿಬಂದ ಕರ್ಮ. ಅದನ್ನು ತೆಗೆದು ಬೀಸಿ, ತಟ್ಟಿ, ತಾಟಿಗೆ ಬಂದ ರೊಟ್ಟಿ ಪ್ರಾರಬ್ಧ, ಈಗ ಫಲ ಕೊಡುತ್ತಿರುವ ಕರ್ಮ. ಅದನ್ನು ಉಣ್ಣಲೇಬೇಕು. ಈಗ ಹೊಲದಲ್ಲಿ ಬಿತ್ತುತ್ತಿರುವ ಕಾಳು ಆಗಾಮಿ, ಮುಂದೆ ಫಲ ಕೊಡುವ ಕರ್ಮ. ನಾವು ಹಣೆ ಚಚ್ಚಿಕೊಂಡು ಆಡುವುದೆಲ್ಲ ರೊಟ್ಟಿಯ ಮಾತು. ಬಿತ್ತನೆಯ ಮಾತು ಯಾರೂ ಎತ್ತುವುದಿಲ್ಲ. ನಮ್ಮ ಕೈಯಲ್ಲಿರುವುದು ಅದೊಂದೇ ಅಲ್ವಾ?

ಆ ಮಗುವಿನ ಕಿವಿ ಯಾವ ಕಾಳಿನ ಫಲ ಅಂತ ಯಾರು ಕಂಡಿದ್ದಾರೆ? ಗೀತೆಯ 4ನೇ ಅಧ್ಯಾಯದಲ್ಲಿ ಕೃಷ್ಣನೇ "ಗಹನಾ ಕರ್ಮಣೋ ಗತಿಃ" ಅನ್ನುತ್ತಾನೆ. ಕರ್ಮದ ದಾರಿ ಸುಲಭಕ್ಕೆ ತಿಳಿಯುವಂಥದ್ದಲ್ಲ. ಕರ್ಮ ತಾನೇ ಫಲ ಕೊಡುತ್ತದೆ ಎಂದರು ವೇದದ ಯಜ್ಞ-ಕರ್ಮವೇ ಮುಖ್ಯ ಎನ್ನುವ ಮೀಮಾಂಸಕರು. ಇಲ್ಲ, ಈಶ್ವರ ಕೊಡುತ್ತಾನೆ ಎಂದರು ವೇದಾಂತಿಗಳು. ಅಂಥವರೇ ವಾದ ಮಾಡಿದ ವಿಷಯದಲ್ಲಿ, ಕಂಡವರ ಮಗುವಿನ ಮುಖ ನೋಡಿ ತೀರ್ಪು ಕೊಡಲು ನಾವು ಯಾರು?

ನನ್ನನ್ನು ಜಾಸ್ತಿ ಹಿಡಿದಿಟ್ಟಿರುವುದು ಬೃಹದಾರಣ್ಯಕ ಉಪನಿಷತ್ತಿನ ಒಂದು ಪ್ರಸಂಗ. ಜನಕ ರಾಜನ ಸಭೆ. ಸತ್ತವನ ಮಾತು ಬೆಂಕಿಗೆ, ಉಸಿರು ಗಾಳಿಗೆ, ಕಣ್ಣು ಸೂರ್ಯನಿಗೆ ಸೇರಿದ ಮೇಲೆ ಆ ಮನುಷ್ಯ ಎಲ್ಲಿರುತ್ತಾನೆ ಅಂತ ಆರ್ತಭಾಗ ಎಂಬ ಪಂಡಿತ ಕೇಳುತ್ತಾನೆ. ಅದಕ್ಕೂ ಮುಂಚಿನ ಪ್ರಶ್ನೆಗಳಿಗೆ ಸಭೆಯಲ್ಲೇ ಉತ್ತರ ಕೊಟ್ಟ ಯಾಜ್ಞವಲ್ಕ್ಯ ಋಷಿ, ಇದಕ್ಕೆ ಮಾತ್ರ, ಕೈ ಕೊಡಪ್ಪ, ಇದು ಜನರ ನಡುವೆ ಆಡುವ ಮಾತಲ್ಲ ಅಂತ ಅವನನ್ನು ಆಚೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಅವರಿಬ್ಬರೂ ಮಾತಾಡಿದ್ದು ಕರ್ಮದ ಬಗ್ಗೆ. ಅಷ್ಟು ಮೆಲ್ಲಗೆ ಆಡಬೇಕಾದ ಮಾತನ್ನು ನಾವು ಉಡಿ ತುಂಬಿಸಿಕೊಳ್ಳುತ್ತಾ ಎಲ್ಲರ ಎದುರು ಆಡುತ್ತೇವೆ.

ವೈನಿಯ ತಾಟಿನಲ್ಲಿರುವುದು ಪ್ರಾರಬ್ಧ ಅಂತಲೇ ಇಟ್ಟುಕೊಳ್ಳಿ. ಅವರಿಗೆ ಹಾಗೆ ಅಂದದ್ದು? ಅದು ಅಂದವರ ಆಗಾಮಿ, ಆಗಷ್ಟೇ ಬಿತ್ತಿದ ಕಾಳು. ಸುಮ್ನೆ ಕೂತ ನಾನೂ ಬಿತ್ತಿದ್ದೇನೆ.

ಎಲ್ಲರೂ ಹೋದ ಮೇಲೆ ಕೆಳಗಿನ ಮನೆಯ ಮರಾಠಿ ಅಜ್ಜಿ ಉಳಿದರು. ಆಷಾಢ ಏಕಾದಶಿಗೆ ಆಳಂದಿಯಿಂದ ಪಂಢರಪುರಕ್ಕೆ ಪಾಲಖಿಯ (ಪಲ್ಲಕ್ಕಿಯ) ಜೊತೆ ನಡೆಯುವ ವಾರಕರಿ, ವಿಠ್ಠಲನ ಭಕ್ತೆ ಅವರು. ಪುಟ್ಟಿಯ ಪಾದ ಮುಟ್ಟಿ "ಮಾವುಲಿ" ಅಂದರು. ತಾಯಿ ಅಂತ ಅರ್ಥ, ಆ ಪಾದಯಾತ್ರೆ ವಾರಿಯಲ್ಲಿ ಒಬ್ಬರನ್ನೊಬ್ಬರು ಹಾಗೇ ಕರೆಯುವುದು. ಪುಟ್ಟಿ ಅವರ ತುಟಿಯನ್ನೇ ನೋಡುತ್ತಾ "ಮಾ... ವೂ" ಅಂದಳು. ವೈನಿ ಒಳಗಿಂದ ಓಡಿ ಬಂದರು.

ಈಗ ಮಂಗಳವಾರಗಳಂದು ಪುಟ್ಟಿಯನ್ನು ಮಾತಿನ ತರಬೇತಿಗೆ ನಾನು ಕರೆದುಕೊಂಡು ಹೋಗುತ್ತಿದ್ದೇನೆ. ಆವತ್ತು ಸುಮ್ಮನಿದ್ದದ್ದಕ್ಕೆ ವೈನಿಯ ಹತ್ತಿರ ಇನ್ನೂ ಕ್ಷಮೆ ಕೇಳಿಲ್ಲ. ನಾಳೆ ಕೇಳುತ್ತೇನೆ.